ಕುವೈತ್‌ನ ಆ ಹಸುಗೂಸುಗಳ ಕಥೆ: ದುಡ್ಡು ಕೊಟ್ಟು ಪರದೇಶದ ಜನರ ಮನಸ್ಸು ತಿರುಗಿಸುವುದು ಸರಿಯಾ?

ಕಡಲತಡಿಯವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಮ್ಮ ಕುವೈತ್‌ನಲ್ಲಿ ನರ್ಸ್ ಆಗಿದ್ದರು. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ನುಗ್ಗಿದಾಗ ಅಲ್ಲೇ ಇದ್ದರು. ನಾನು ಆಗ ಉಡುಪಿಯಲ್ಲಿ ಅಜ್ಜಿ ಮನೆಯಲ್ಲಿದ್ದ ಒಂಬತ್ತು ವರ್ಷದ ಹುಡುಗ. ಅಮ್ಮ ಬಸ್ಸಿನಲ್ಲಿ ಇರಾಕ್ ದಾಟಿ, ಜೋರ್ಡಾನ್ ಗಡಿಯ ಡೇರೆಯಲ್ಲಿ ಹನ್ನೊಂದು ದಿನ ಕಳೆದು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಹತ್ತಿ ಬಾಂಬೆಗೆ ಬಂದರು. ಊರಿಗೆ ಬಂದಾಗ ಕೈಯಲ್ಲಿದ್ದದ್ದು ಒಂದು ರೆಗ್ಜಿನ್ ಚೀಲ. ಅದು ಇವತ್ತಿಗೂ ನಮ್ಮ ಅಟ್ಟದಲ್ಲಿದೆ.

ಆಮೇಲೆ ವರ್ಷಗಟ್ಟಲೆ ಅಮ್ಮ ಒಂದು ವಿಷಯ ಹೇಳುತ್ತಿದ್ದರು. ಇರಾಕಿ ಸೈನಿಕರು ಆಸ್ಪತ್ರೆಗೆ ನುಗ್ಗಿ, ಇನ್‌ಕ್ಯುಬೇಟರ್‌ನಲ್ಲಿದ್ದ ಹಸುಗೂಸುಗಳನ್ನು ಎತ್ತಿ ತಣ್ಣನೆ ನೆಲದ ಮೇಲೆ ಹಾಕಿ, ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋದರು ಅಂತ. ಅಮ್ಮ ಕಣ್ಣಾರೆ ಕಂಡದ್ದಲ್ಲ. ಊರಿಗೆ ಬಂದ ಮೇಲೆ ಪೇಪರ್‌ನಲ್ಲಿ ಓದಿದ್ದು. ಆದರೆ ಅಲ್ಲಿದ್ದ ನರ್ಸೇ ಹೇಳುವಾಗ ಯಾರು ಅನುಮಾನ ಪಡುತ್ತಾರೆ? ನಮ್ಮ ಇಡೀ ಕೇರಿ ನಂಬಿತ್ತು.

ಹೋದ ವಾರ ಮಗಳ ಕಾಲೇಜು ಸೆಮಿನಾರ್‌ಗೆ ಸಹಾಯ ಮಾಡುವಾಗ ಗೊತ್ತಾಯಿತು, ಅದು ನಡೆದೇ ಇರಲಿಲ್ಲವಂತೆ. ಕುವೈತ್ ಸರ್ಕಾರದ ದುಡ್ಡಿನಲ್ಲಿ ಅಮೆರಿಕದ ಒಂದು ಪಿಆರ್ ಕಂಪನಿ, ಅಂದರೆ ದುಡ್ಡು ತಗೊಂಡು ಪ್ರಚಾರ ಮಾಡಿಕೊಡುವ ಕಂಪನಿ, ಆ ಕಥೆಯನ್ನು ಅಲ್ಲಿನ ಸಂಸತ್ತಿನ ಮುಂದೆ ಇಟ್ಟಿತ್ತಂತೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಒಂದು ಸರ್ಕಾರ ಬೇರೆ ದೇಶದ ಪಿಆರ್ ಕಂಪನಿಗೆ ದುಡ್ಡು ಕೊಟ್ಟು ಅಲ್ಲಿನ ಜನರ ಅಭಿಪ್ರಾಯ ತಿರುಗಿಸಬಹುದಾ? ಈಗಲೂ ನಡೆಯುತ್ತಾ? ಇನ್ನೊಂದು, ಇದನ್ನು ಅಮ್ಮನಿಗೆ ಹೇಳಲಾ ಬೇಡವಾ?

ಗಾಳಿಮಾತು

ಹೇಳಬೇಡಿ. ವಯಸ್ಸಾದವರಿಗೆ ಈಗ ಯಾಕೆ ಆ ನೋವು.

ಹಳೇ ಪತ್ರಿಕೆ

ನಾನು ಆಗ ಒಂದು ಕನ್ನಡ ದಿನಪತ್ರಿಕೆಯಲ್ಲಿ ರಾತ್ರಿ ಪಾಳಿಯ ಉಪಸಂಪಾದಕ. ಆ ಸುದ್ದಿ ಟೆಲಿಪ್ರಿಂಟರ್‌ನಲ್ಲಿ ಬಂದದ್ದು ನೆನಪಿದೆ. ಇಂಗ್ಲಿಷ್ ಸುರುಳಿ ಹರಿದು ಅನುವಾದಕ್ಕೆ ನನ್ನ ಕೈಗೇ ಕೊಟ್ಟರು. "ಹಸುಳೆಗಳನ್ನು ನೆಲಕ್ಕೆಸೆದ ಸೈನಿಕರು" ಅಂತ ತಲೆಬರಹ ಕೊಟ್ಟವನು ನಾನೇ. ಹಾಗಾಗಿ ಈ ವಿಷಯವನ್ನು ಆಮೇಲೆ ಹುಡುಕಿ ಹುಡುಕಿ ಓದಿದ್ದೇನೆ.

1990ರ ಅಕ್ಟೋಬರ್ 10. ವಾಷಿಂಗ್ಟನ್‌ನಲ್ಲಿ ಮಾನವ ಹಕ್ಕುಗಳ ಕಾಕಸ್ ಎಂಬ ಸಂಸದರ ಗುಂಪಿನ ಮುಂದೆ 15 ವರ್ಷದ ಹುಡುಗಿಯೊಬ್ಬಳು ಅಳುತ್ತಾ ಹೇಳಿಕೆ ಕೊಟ್ಟಳು. ಹೆಸರು ನಯೀರಾ ಅಂತ ಮಾತ್ರ ಹೇಳಿದರು. ಮನೆತನದ ಹೆಸರು ಹೇಳಿದರೆ ಕುವೈತ್‌ನಲ್ಲಿರುವ ಬಂಧುಗಳಿಗೆ ತೊಂದರೆ ಅನ್ನುವ ಕಾರಣ ಕೊಟ್ಟರು. ಅಲ್ ಅದ್ದಾನ್ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿದ್ದೆ, ಕಣ್ಣಾರೆ ಕಂಡೆ ಅಂದಳು.

ಅಧ್ಯಕ್ಷ ಬುಷ್ ಆಮೇಲೆ ಭಾಷಣದ ಮೇಲೆ ಭಾಷಣದಲ್ಲಿ ಅದನ್ನೇ ಹೇಳಿದರು. ಆಮ್ನೆಸ್ಟಿ ಸಂಸ್ಥೆ ಡಿಸೆಂಬರ್‌ನಲ್ಲಿ 312 ಮಕ್ಕಳು ಹೀಗೆ ಸತ್ತವು ಅಂತ ವರದಿ ಕೊಟ್ಟಿತು. ಯುದ್ಧ ಮುಗಿದ ಮೇಲೆ ಆ ಮಾತನ್ನು ವಾಪಸ್ ತಗೊಂಡಿತು. 1991ರ ಜನವರಿ 12ರಂದು ಸೆನೆಟ್‌ನಲ್ಲಿ ಯುದ್ಧಕ್ಕೆ ಒಪ್ಪಿಗೆ ಸಿಕ್ಕಿದ್ದು 52ಕ್ಕೆ 47 ಮತಗಳಿಂದ. ಚರ್ಚೆಯಲ್ಲಿ ಕೆಲವು ಸೆನೆಟರ್‌ಗಳು ಈ ಮಕ್ಕಳ ವಿಷಯ ಎತ್ತಿಯೇ ಮಾತಾಡಿದ್ದರು.

ಆ ಹುಡುಗಿ ಯಾರು ಅಂತ ಲೋಕಕ್ಕೆ ಗೊತ್ತಾದದ್ದು 1992ರ ಜನವರಿಯಲ್ಲಿ. ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಸ್ವಂತ ಮಗಳು. ಜಾನ್ ಮ್ಯಾಕ್‌ಆರ್ಥರ್ ಎಂಬ ಪತ್ರಕರ್ತ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಆ ಲೇಖನ ಓದಿದ ದಿನ ನನಗಾದ ಸಂಕಟ ಹೇಳಲಾಗದು. ನಮ್ಮ ಪತ್ರಿಕೆಯಲ್ಲಿ ಅದರ ತಿದ್ದುಪಡಿ ಬಂದದ್ದು ಒಳಪುಟದಲ್ಲಿ, ನಾಲ್ಕು ಸಾಲು.

ಜೋಳದರೊಟ್ಟಿ

ಸಂಸತ್ತಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದ್ರೆ ಜೈಲಲ್ವಾ? ಅವಳನ್ನ ಯಾಕೆ ಹಿಡೀಲಿಲ್ಲ?

ಕರಿಕೋಟು

@ಜೋಳದರೊಟ್ಟಿ ಅಲ್ಲೇ ಇರುವುದು ಜಾಣತನ. ಅದು ಸಂಸತ್ತಿನ ಅಧಿಕೃತ ಸಮಿತಿ ಅಲ್ಲ. ಸಂಸದರು ತಾವೇ ಕಟ್ಟಿಕೊಂಡ ಒಂದು ಗುಂಪು. ಹಾಗಾಗಿ ಪ್ರಮಾಣ ವಚನ ಇಲ್ಲ. ಸುಳ್ಳು ಸಾಕ್ಷಿಯ ಕೇಸು ಹಾಕಲು ಬರುವುದಿಲ್ಲ. ಆದರೆ ಟಿವಿಯಲ್ಲಿ ನೋಡಿದವನಿಗೆ ಅದೇ ಮೇಜು, ಅದೇ ಮೈಕು, ಅದೇ ಸಂಸದರು. ಯಾರಿಗೆ ವ್ಯತ್ಯಾಸ ಗೊತ್ತಾಗುತ್ತೆ?

ಇನ್ನೂ ಒಂದಿದೆ. ಆ ಕಾಕಸ್‌ಗೆ ಸೇರಿದ ಪ್ರತಿಷ್ಠಾನದ ಆಫೀಸು ಇದ್ದದ್ದು ಅದೇ ಪಿಆರ್ ಕಂಪನಿಯ ವಾಷಿಂಗ್ಟನ್ ಕಟ್ಟಡದಲ್ಲಿ, ಕಮ್ಮಿ ಬಾಡಿಗೆಗೆ.

ಬಿಳಿಟೋಪಿ

ಆ ಹುಡುಗಿಯನ್ನು ಬೈಯಬೇಡಿ ದಯವಿಟ್ಟು. 15 ವರ್ಷ ಅವಳಿಗೆ. ಮನೆ ಇರುವ ದೇಶ ಶತ್ರುವಿನ ಕೈಯಲ್ಲಿದೆ, ಅಪ್ಪ ರಾಯಭಾರಿ, ಸುತ್ತ ಕೋಟು ಹಾಕಿದ ದೊಡ್ಡವರು ಹೀಗೆ ಹೇಳಮ್ಮ ಅಂತ ತಯಾರು ಮಾಡಿದ್ದಾರೆ. ತಪ್ಪು ಆ ದೊಡ್ಡವರದ್ದು.

ಮಲ್ಲೇಶ್ವರದ ಮೊಮ್ಮಗ

ನಾನು ಬೆಂಗಳೂರಿನ ಪಿಆರ್ ಏಜೆನ್ಸಿಗಳಲ್ಲಿ 14 ವರ್ಷ ಕೆಲಸ ಮಾಡಿದವನು. ಒಳಗಿನ ಕೆಲಸ ಹೇಗಿರುತ್ತೆ ಅಂತ ಹೇಳ್ತೀನಿ.

ಕುವೈತ್ ಹಿಡಿದದ್ದು ಹಿಲ್ ಅಂಡ್ ನೋಲ್ಟನ್ ಕಂಪನಿಯನ್ನು. ಆಗ ಅದು ಪ್ರಪಂಚದ ಅತಿ ದೊಡ್ಡ ಪಿಆರ್ ಕಂಪನಿಗಳಲ್ಲೊಂದು. ಅದರ ವಾಷಿಂಗ್ಟನ್ ಕಚೇರಿಯ ಮುಖ್ಯಸ್ಥ ಕ್ರೇಗ್ ಫುಲ್ಲರ್, ಬುಷ್ ಉಪಾಧ್ಯಕ್ಷರಾಗಿದ್ದಾಗ ಅವರ ಕಚೇರಿಯ ಮುಖ್ಯಸ್ಥರಾಗಿದ್ದವರು. ಕಂಪನಿ ಆರಿಸುವಾಗ ಮೊದಲು ನೋಡುವುದೇ ಇದನ್ನ, ಯಾರ ಬಾಗಿಲು ಯಾರಿಗೆ ತೆರೆಯುತ್ತೆ ಅಂತ.

ಆದರೆ ಸರ್ಕಾರದ ಹೆಸರಲ್ಲಿ ಕೆಲಸ ನಡೆಯಲಿಲ್ಲ. "ಸಿಟಿಜನ್ಸ್ ಫಾರ್ ಎ ಫ್ರೀ ಕುವೈತ್" ಅಂತ ಒಂದು ಸಂಘ. ಕೇಳಿದರೆ ನೊಂದ ನಾಗರಿಕರು ಚಂದಾ ಎತ್ತಿ ಕಟ್ಟಿದ ಸಂಘ ಅನಿಸುತ್ತೆ. ಲೆಕ್ಕ ನೋಡಿ. ಕುವೈತ್ ಸರ್ಕಾರ ಕೊಟ್ಟದ್ದು ಸುಮಾರು 1 ಕೋಟಿ 19 ಲಕ್ಷ ಡಾಲರ್. ಜನ ಕೊಟ್ಟದ್ದು 17,861 ಡಾಲರ್. ಅಷ್ಟೇ. ಅದರಲ್ಲಿ 1 ಕೋಟಿ 8 ಲಕ್ಷದಷ್ಟು ಪಿಆರ್ ಕಂಪನಿಗೆ ಹೋಯಿತು.

ಏನೇನು ಮಾಡಿದರು? ಕಾಲೇಜುಗಳಲ್ಲಿ ಟೀ ಶರ್ಟು, ಕಾರಿಗೆ ಅಂಟಿಸೋ ಸ್ಟಿಕ್ಕರ್, ಚರ್ಚುಗಳಲ್ಲಿ ಪ್ರಾರ್ಥನೆ. ಟಿವಿ ಚಾನೆಲ್‌ಗಳಿಗೆ ರೆಡಿಮೇಡ್ ವಿಡಿಯೋ ಕಳಿಸೋದು, ಅವರು ಅದನ್ನೇ ತಮ್ಮ ವರದಿ ಥರ ಹಾಕ್ಕೊಳ್ಳೋದು. ಇದೆಲ್ಲದರ ಜತೆ ವರ್ಥ್‌ಲಿನ್ ಎಂಬ ಸಮೀಕ್ಷೆ ಕಂಪನಿ ದಿನಾ ಜನರ ಮನಸ್ಸು ಅಳೆಯುತ್ತಿತ್ತು. ಯಾವ ಮಾತಿಗೆ ಜನ ಕರಗುತ್ತಾರೆ ಅಂತ. ಕುವೈತಿನ ಕಚ್ಚಾ ತೈಲ ಅಂದರೆ ಕರಗಲಿಲ್ಲ. ಪುಟ್ಟ ದೇಶದ ಸ್ವಾತಂತ್ರ್ಯ ಅಂದರೂ ಅಷ್ಟಾಗಿ ಇಲ್ಲ. ಸದ್ದಾಂ ಕ್ರೂರಿ, ಜನರನ್ನು ಹಿಂಸೆ ಮಾಡ್ತಾನೆ ಅಂದಾಗ ಕರಗಿದರು. ಹಸುಗೂಸಿನ ಕಥೆ ಯಾಕೆ ಅಷ್ಟು ಹಬ್ಬಿತು ಅಂತ ಇದರಿಂದ ತಿಳ್ಕೊಳ್ಳಿ.

ನನ್ನ ವೃತ್ತಿಯನ್ನು ನಾನು ಬಿಟ್ಟುಕೊಡಲ್ಲ. ಸರ್ಕಾರ ತನ್ನ ಮಾತನ್ನು ಚೆನ್ನಾಗಿ ಹೇಳಲು ತಿಳಿದವರ ಸಹಾಯ ಪಡೆಯಬಹುದು, ಅದು ತಪ್ಪಲ್ಲ. ಯಾರ ದುಡ್ಡು ಅಂತ ಮುಚ್ಚಿಟ್ಟದ್ದು ತಪ್ಪು. ಆ ಹುಡುಗಿ ನಾನು ರಾಯಭಾರಿಯ ಮಗಳು ಅಂತ ಹೇಳಿ ಮಾತು ಶುರು ಮಾಡಿದ್ದರೆ ಪತ್ರಕರ್ತರು ಎರಡು ಪ್ರಶ್ನೆ ಜಾಸ್ತಿ ಕೇಳುತ್ತಿದ್ದರು.

ತುಂಗಾತೀರ

ಕ್ಷಮಿಸಿ, ಇಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ಕುವೈತ್ ಮೇಲೆ ದಾಳಿ ಆದದ್ದು ಸುಳ್ಳಾ? ಜನ ಸತ್ತದ್ದು, ಲೂಟಿ ಆದದ್ದು ಸುಳ್ಳಾ? ವಿಶ್ವಸಂಸ್ಥೆಯ 678ನೇ ನಿರ್ಣಯ ನವೆಂಬರ್‌ನಲ್ಲೇ ಬಂದಿತ್ತು, ಕುವೈತ್ ಬಿಟ್ಟು ಹೋಗಲು ಇರಾಕ್‌ಗೆ ಜನವರಿ 15ರ ಗಡುವು ಕೊಟ್ಟಾಗಿತ್ತು. ಲಕ್ಷಗಟ್ಟಲೆ ಸೈನಿಕರು ಸೌದಿಯಲ್ಲಿ ಇಳಿದಾಗಿತ್ತು. ಒಂದು ಹುಡುಗಿಯ ಮಾತಿನಿಂದ ಯುದ್ಧ ಆಯಿತು ಅನ್ನೋದು ಇನ್ನೊಂದು ಕಟ್ಟುಕಥೆ.

ದೇಶವನ್ನೇ ಕಳಕೊಂಡವರು ಬಾಯಿ ಇರುವವರನ್ನು ಹಿಡಿದು ನಮ್ಮ ಕಷ್ಟ ಹೇಳಿ ಅಂದರೆ ತಪ್ಪೇನು? 1968ರಲ್ಲಿ, ನೈಜೀರಿಯಾದಿಂದ ಬೇರೆಯಾಗಲು ಹೋರಾಡುತ್ತಿದ್ದ ಬಿಯಾಫ್ರಾ ಕೂಡ ಜಿನೀವಾದ ಮಾರ್ಕ್‌ಪ್ರೆಸ್ ಅನ್ನೋ ಕಂಪನಿಯನ್ನು ಹಿಡಿದಿತ್ತು. ಹೊಟ್ಟೆ ಉಬ್ಬಿದ ಆ ಮಕ್ಕಳ ವಿಷಯ ಪ್ರಪಂಚದ ಪೇಪರ್‌ಗಳಿಗೆ ತಲುಪುವುದರಲ್ಲಿ ಆ ಕಂಪನಿಯ ಪಾಲೂ ಇತ್ತು. ಹಸಿವು ನಿಜವಾಗಿತ್ತು. ಆ ಪ್ರಚಾರದಿಂದ ಅನ್ನ ಹೋಯಿತು. ಅದೂ ತಪ್ಪಾ?

ಹಳೇ ಪತ್ರಿಕೆ

@ತುಂಗಾತೀರ ಯುದ್ಧಕ್ಕೆ ಅದೊಂದೇ ಕಾರಣ ಅಂತ ನಾನು ಹೇಳಲಿಲ್ಲ. ಆದರೆ 52-47 ಅಂದರೆ ಮೂರು ಜನ ಆ ಕಡೆ ಹೋಗಿದ್ದರೆ ಫಲಿತಾಂಶ ಬೇರೆ. ಅಷ್ಟು ಸಣ್ಣ ಅಂತರ ಇರುವಾಗ ಯಾವ ಮಾತು ಯಾರ ಮನಸ್ಸನ್ನು ತಿರುಗಿಸಿತು ಅಂತ ಹೇಗೆ ಅಳೆಯುತ್ತೀರಿ?

ಬಿಯಾಫ್ರಾ ವಿಷಯ ಒಪ್ಪುತ್ತೇನೆ. ಹಸಿವು ನಿಜ. ಅದಕ್ಕೇ ಹೇಳುವುದು, ಕುವೈತ್‌ಗೂ ಸುಳ್ಳು ಬೇಕಿರಲಿಲ್ಲ. ನಿಜವೇ ಸಾಕಷ್ಟು ಘೋರವಾಗಿತ್ತು.

ಮಾಗಡಿ ರಸ್ತೆ

ಹಲಬ್ಜಾ ನೆನಪಿದೆಯಾ ಯಾರಿಗಾದರೂ? 1988ರ ಮಾರ್ಚ್. ಇದೇ ಸದ್ದಾಂ ಕುರ್ದ್ ಜನರ ಊರಿನ ಮೇಲೆ ವಿಷಾನಿಲ ಹಾಕಿದ. ಸತ್ತವರು 5,000ದ ಹತ್ತಿರ. ಕೂಸು ಎತ್ತಿಕೊಂಡ ಅಪ್ಪ ಬಾಗಿಲಲ್ಲೇ ಸತ್ತು ಬಿದ್ದಿರುವ ಫೋಟೋ ಇದೆ. ಆಗ ಅಮೆರಿಕಕ್ಕೆ ಸದ್ದಾಂ ಬೇಕಾದವನು, ಇರಾನ್ ವಿರುದ್ಧ. ಕುರ್ದರ ಹತ್ತಿರ ಪಿಆರ್ ಕಂಪನಿಗೆ ಕೊಡಲು ಕೋಟಿಗಟ್ಟಲೆ ಡಾಲರ್ ಎಲ್ಲಿತ್ತು? ನಿಜವಾಗಿ ಸತ್ತ ಮಕ್ಕಳಿಗಾಗಿ ಯಾರೂ ಸಂಸತ್ತಿನಲ್ಲಿ ಅಳಲಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ.

ಬಿಳಿಟೋಪಿ

ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ.

ದೋಹಾ ಕನ್ನಡಿಗ

ವಿಷಯಾಂತರಕ್ಕೆ ಕ್ಷಮೆ ಇರಲಿ. ನಮ್ಮ ಮಾವನೂ ಅದೇ ಅಮ್ಮಾನ್ ದಾರಿಯಲ್ಲಿ ಬಂದವರು. ಡೇರೆಯಲ್ಲಿ ಹಗಲು ಬೆಂಕಿ, ರಾತ್ರಿ ಚಳಿ, ಒಂದು ಬಾಟಲಿ ನೀರಿಗೆ ಅರ್ಧ ದಿನದ ಕ್ಯೂ ಅಂತ ಹೇಳುತ್ತಿದ್ದರು. ಏರ್ ಇಂಡಿಯಾ 488 ಸಲ ಹಾರಿ 1 ಲಕ್ಷಕ್ಕೂ ಜಾಸ್ತಿ ಜನರನ್ನು ಕರೆತಂದಿತ್ತು. ಮಂಗಳೂರು, ಉಡುಪಿ, ಭಟ್ಕಳ, ಕೇರಳದ ಕಡೆಯವರು ಎಷ್ಟೊಂದು ಜನ.

ಗಾಳಿಮಾತು

ಆಗಿನ ವಿದೇಶಾಂಗ ಸಚಿವ ಗುಜ್ರಾಲ್ ಬಾಗ್ದಾದ್‌ಗೆ ಹೋಗಿ ಸದ್ದಾಂನ ತಬ್ಬಿಕೊಂಡ ಫೋಟೋ ನೋಡಿ ಎಷ್ಟು ಜನ ಬೈದರು. ಆದರೆ ಮಾತುಕತೆ ಆಡದೆ ಇದ್ದಿದ್ದರೆ ನಮ್ಮವರನ್ನು ಬಸ್ಸಿನಲ್ಲಿ ದಾಟಿಸಲು ಬಿಡುತ್ತಿದ್ದರಾ?

ನಿರ್ವಾಹಕ

ಏರ್‌ಲಿಫ್ಟ್ ನೆನಪುಗಳಿಗೆ ಬೇರೆ ಎಳೆ ತೆರೆಯೋಣ, ತುಂಬಾ ಜನ ಬರೆಯಲು ಇಷ್ಟಪಡುತ್ತಾರೆ. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ.

ಕರಿಕೋಟು

ಮೂಲ ಪ್ರಶ್ನೆ, ಕಾನೂನು. ಅಮೆರಿಕದಲ್ಲಿ ಇದು ಅಪರಾಧ ಅಲ್ಲ, ಆದರೆ ನೋಂದಣಿ ಮಾಡಿಸಬೇಕು. ಫಾರಾ ಅಂತ ಒಂದು ಕಾಯ್ದೆ ಇದೆ, 1938ರದ್ದು. ಹುಟ್ಟಿದ್ದೇ ನಾಜಿ ಜರ್ಮನಿಯ ಕಾರಣದಿಂದ. ಹಿಟ್ಲರ್ ಬಂದ ಹೊಸತರಲ್ಲಿ ಕಾರ್ಲ್ ಬೊಯಿರ್ ಅವರ ಕಂಪನಿ ಜರ್ಮನಿಯ ಪ್ರವಾಸೋದ್ಯಮ ಕಚೇರಿಯ ಪ್ರಚಾರ ಹಿಡಿದಿತ್ತು. ಐವಿ ಲೀ ಎಂಬ ದೊಡ್ಡ ಹೆಸರಿನ ಪಿಆರ್ ಮನುಷ್ಯ ಜರ್ಮನಿಯ ಐಜಿ ಫಾರ್ಬೆನ್ ರಾಸಾಯನಿಕ ಕಂಪನಿಯಿಂದ ವರ್ಷಕ್ಕೆ 25,000 ಡಾಲರ್ ಪಡೆಯುತ್ತಿದ್ದ. 1934ರಲ್ಲಿ ಸಂಸತ್ತಿನ ಸಮಿತಿ ಇಬ್ಬರ ವ್ಯವಹಾರವನ್ನೂ ಕೆದಕಿತು. ಆಮೇಲೆ ಬಂದ ಕಾಯ್ದೆ ಇದು. ಯಾವ ಸರ್ಕಾರ, ಎಷ್ಟು ದುಡ್ಡು, ಯಾವ ಕೆಲಸಕ್ಕೆ ಅಂತ ನ್ಯಾಯ ಇಲಾಖೆಗೆ ಬರೆದು ಕೊಡಬೇಕು. ಯಾರು ಬೇಕಾದರೂ ನೋಡಬಹುದು, ಈಗ ಮನೆಯಲ್ಲೇ ಕೂತು.

ಜೋಳದರೊಟ್ಟಿ

ಇದು ನಮ್ಮಲ್ಲೂ ಇದೆಯಲ್ಲ, ಎಫ್‌ಸಿಆರ್‌ಎ.

ಕರಿಕೋಟು

ಅಲ್ಲ, ಅದು ಬೇರೆ. ಎಫ್‌ಸಿಆರ್‌ಎ ಇರುವುದು ವಿದೇಶಿ ದೇಣಿಗೆಯ ಮೇಲೆ. ಹೊರಗಿನಿಂದ ಸಂಘ ಸಂಸ್ಥೆಗಳಿಗೆ ದುಡ್ಡು ಬಂದರೆ ಅದಕ್ಕೆ. ಒಂದು ವಿದೇಶಿ ಸರ್ಕಾರ ಇಲ್ಲಿನ ಪಿಆರ್ ಏಜೆನ್ಸಿಗೆ ಫೀಸು ಕೊಟ್ಟು ನಮ್ಮ ಅಭಿಪ್ರಾಯ ತಿದ್ದಿಸಿದರೆ, ಆ ಒಪ್ಪಂದವನ್ನು ಜನ ತೆರೆದು ನೋಡುವಂಥ ಪುಸ್ತಕ ನಮ್ಮಲ್ಲಿಲ್ಲ. ಅಂಥದ್ದೊಂದು ಬೇಕೇ ಬೇಕು ಅನ್ನುವವನು ನಾನು.

ತುಂಗಾತೀರ

ಪುಸ್ತಕ ಇದ್ದೂ ಏನಾಯಿತು? ಕುವೈತ್ ದುಡ್ಡಿನ ಲೆಕ್ಕ ಅದೇ ಪುಸ್ತಕದಲ್ಲಿತ್ತು. ಯುದ್ಧಕ್ಕೆ ಮೊದಲು ಯಾವ ಪತ್ರಕರ್ತ ತೆರೆದು ನೋಡಿದ?

ಹಳೇ ಪತ್ರಿಕೆ

ಆ ಮಾತು ನೇರ ನಮಗೇ ತಗಲುತ್ತೆ. ಒಪ್ಪಿದೆ.

ಹೊಸಪೇಟೆ ಬಸ್ಸು

ಈಗಲೂ ನಡೆಯುತ್ತಾ ಅಂತ ಕೇಳಿದ್ದಾರೆ. ನನಗೆ ಗೊತ್ತಿರೋದು ಹೇಳ್ತೀನಿ.

2013ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪುಟಿನ್ ಹೆಸರಲ್ಲಿ ಒಂದು ಲೇಖನ ಬಂತು, ಸಿರಿಯಾ ಮೇಲೆ ದಾಳಿ ಮಾಡಬೇಡಿ ಅಂತ. ಅದನ್ನು ಪತ್ರಿಕೆಗೆ ತಲುಪಿಸಿದ್ದು ಕೆಚಮ್ ಎಂಬ ಅಮೆರಿಕನ್ ಪಿಆರ್ ಕಂಪನಿ. ನಮ್ಮ ಪಕ್ಕದ ಶ್ರೀಲಂಕಾ ನೋಡಿ. ಬ್ರಿಟನ್ನಿನ ಬೆಲ್ ಪಾಟಿಂಜರ್ ಕಂಪನಿಯವರು, ಗಿರಾಕಿಗಳ ವೇಷದಲ್ಲಿ ಬಂದ ಪತ್ರಕರ್ತರ ಮುಂದೆ, 2010ರಲ್ಲಿ ಅಲ್ಲಿನ ಅಧ್ಯಕ್ಷ ರಾಜಪಕ್ಸ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣ ಬರೆದವರು ನಾವೇ ಅಂತ ಹೇಳಿಕೊಂಡರು. ತಮಿಳರ ಸಾವಿನ ಬಗ್ಗೆ ಲೋಕ ಪ್ರಶ್ನೆ ಕೇಳುತ್ತಿದ್ದ ಹೊತ್ತು ಅದು.

ಇದೇ ಕಂಪನಿಗೆ ಇರಾಕ್ ಕೆಲಸಕ್ಕೆ 2007ರಿಂದ 2011ರವರೆಗೆ ಅಮೆರಿಕದ ರಕ್ಷಣಾ ಇಲಾಖೆ ಕೊಟ್ಟದ್ದು 54 ಕೋಟಿ ಡಾಲರ್. ಬಾಗ್ದಾದ್‌ನ ಸೈನಿಕ ನೆಲೆಯಲ್ಲಿ ಕೂತು ಅರಬ್ ಚಾನೆಲ್‌ಗಳ ಸುದ್ದಿಯಂತೆ ಕಾಣುವ ತುಣುಕು ತಯಾರಿಸುತ್ತಿದ್ದರು. ಅದಕ್ಕೂ ಮೊದಲು, 2005ರಲ್ಲಿ ಬಯಲಾದದ್ದು ಲಿಂಕನ್ ಗ್ರೂಪ್ ಎಂಬ ಅಮೆರಿಕನ್ ಕಂಪನಿಯ ಕೆಲಸ. ಅಮೆರಿಕನ್ ಸೈನಿಕರು ಬರೆದ ಲೇಖನಗಳನ್ನು ಅರಬಿಗೆ ತಿರುಗಿಸಿ, ದುಡ್ಡು ಕೊಟ್ಟು ಇರಾಕಿನ ಪೇಪರ್‌ಗಳಲ್ಲಿ ಹಾಕಿಸುತ್ತಿದ್ದರು. ಓದುವವನಿಗೆ ತನ್ನೂರಿನ ಪತ್ರಕರ್ತ ಬರೆದ ಹಾಗೆ.

ಜೋಳದರೊಟ್ಟಿ

ನಮ್ಮ ಎಲೆಕ್ಷನ್ ಟೈಮಿನ ಪೇಯ್ಡ್ ನ್ಯೂಸ್ ಥರಾನೇ. ನಮ್ಮ ತಾಲೂಕಲ್ಲಿ ಒಂದು ಸಲ ಮೂರು ಕ್ಯಾಂಡಿಡೇಟ್‌ಗಳೂ "ಗೆಲುವಿನತ್ತ ದಾಪುಗಾಲು" ಅಂತ ಒಂದೇ ವಾರದಲ್ಲಿ ಬಂದಿತ್ತು, ಒಂದೇ ಪೇಪರಲ್ಲಿ. ನಮ್ಮ ಅಪ್ಪ ಅವತ್ತಿಂದ ಆ ಪೇಪರ್ ತರ್ಸೋದು ನಿಲ್ಲಿಸಿದ್ರು.

ಗಾಳಿಮಾತು

ಭಾರತ ಸರ್ಕಾರ ಇಂಥ ಕೆಲಸ ಮಾಡಿಲ್ಲ ಅಲ್ವಾ?

ಮಲ್ಲೇಶ್ವರದ ಮೊಮ್ಮಗ

ಅಮೆರಿಕದಲ್ಲಿ ಲಾಬಿ ಕಂಪನಿಗಳನ್ನು, ಅಂದರೆ ಸಂಸದರ ಮನವೊಲಿಸುವ ಕಂಪನಿಗಳನ್ನು, ಭಾರತವೂ ಹಿಡಿದಿದೆ. ಪರಮಾಣು ಒಪ್ಪಂದದ ಕಾಲದಲ್ಲಿ, 2005ರಲ್ಲಿ, ಈಗ ಬಿಜಿಆರ್ ಅಂತ ಕರೆಯುವ ಕಂಪನಿಯನ್ನು. 2025ರಲ್ಲಿ ನಮ್ಮ ರಾಯಭಾರ ಕಚೇರಿ ಟ್ರಂಪ್ ಅವರ ಹಳೇ ಸಲಹೆಗಾರ ಜೇಸನ್ ಮಿಲ್ಲರ್ ಕಂಪನಿಯ ಜೊತೆ ವರ್ಷಕ್ಕೆ 18 ಲಕ್ಷ ಡಾಲರ್ ಒಪ್ಪಂದ ಮಾಡಿಕೊಂಡಿತು. ಪಾಕಿಸ್ತಾನವೂ ತನ್ನ ಕಡೆಯಿಂದ ಹಿಡಿದಿದೆ. ಎಲ್ಲವೂ ದಾಖಲೆಯಲ್ಲಿದೆ. ಸಂಸದರ ಬಾಗಿಲು ತಟ್ಟುವುದು ಬೇರೆ, ನಾಗರಿಕರ ಸಂಘದ ವೇಷ ಹಾಕಿ ಜನರ ಕಣ್ಣೀರು ತರಿಸುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮಾಗಡಿ ರಸ್ತೆ

ಬೇರೆ ಅಂತೀರಿ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನನ್ನ ತೆರಿಗೆ ದುಡ್ಡಲ್ಲಿ ಯಾರಿಗೆ ಏನು ಹೇಳಿಸುತ್ತಿದ್ದಾರೆ ಅಂತ ಅಮೆರಿಕದ ಕಾಗದ ನೋಡಿ ತಿಳ್ಕೋಬೇಕು ಅಂದರೆ ಬೇಜಾರಾಗುತ್ತೆ. ನಮ್ಮವರೇ ನಮಗೆ ಹೇಳಬೇಕು.

ಕಡಲತಡಿಯವ

ಎಲ್ಲರಿಗೂ ಧನ್ಯವಾದ. ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಒಂದು ಕೇಳಬೇಕು. ಆ ಆಸ್ಪತ್ರೆಯಲ್ಲಿ ಇದ್ದವರನ್ನು ಆಮೇಲೆ ಯಾರಾದರೂ ಹೋಗಿ ಕೇಳಿದರಾ?

ಹಳೇ ಪತ್ರಿಕೆ

ಕೇಳಿದರು. 1991ರ ಮಾರ್ಚ್‌ನಲ್ಲಿ, ಕುವೈತ್ ಬಿಡುಗಡೆಯಾದ ಮೇಲೆ, ಅಮೆರಿಕದ ಎಬಿಸಿ ಟಿವಿಯ ಜಾನ್ ಮಾರ್ಟಿನ್ ಅಲ್ಲಿನ ಆಸ್ಪತ್ರೆಗಳಿಗೆ ಹೋಗಿ ವೈದ್ಯರನ್ನು ಮಾತಾಡಿಸಿದರು. ಸೈನಿಕರು ಮಕ್ಕಳನ್ನು ಹೊರಗೆ ಹಾಕಿ ಕೊಂದರು ಅನ್ನುವುದಕ್ಕೆ ಆಧಾರ ಸಿಗಲಿಲ್ಲ.

ಇನ್ನೊಂದು ವಿಷಯ ಇದೆ. ಬರೆಯಲೋ ಬೇಡವೋ ಅಂತ ಯೋಚಿಸಿದೆ. ನೀವು ನಿಜ ಕೇಳಿದ್ದೀರಿ, ಹಾಗಾಗಿ ಬರೆಯುತ್ತೇನೆ. ದಿನ ತುಂಬದೆ ಹುಟ್ಟಿದ ಮಕ್ಕಳು ಆಗ ಸತ್ತದ್ದು ನಿಜ. ವೈದ್ಯರು, ನರ್ಸ್‌ಗಳು ಬಹಳ ಮಂದಿ ದೇಶ ಬಿಟ್ಟು ಹೋಗಿದ್ದರು. ನೋಡಿಕೊಳ್ಳುವವರು ಇರಲಿಲ್ಲ.

ಬಿಳಿಟೋಪಿ

@ಕಡಲತಡಿಯವ ಅಣ್ಣಾ, ನಾನು 22 ವರ್ಷದಿಂದ ನವಜಾತ ಶಿಶು ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನಾಲ್ಕು ಪೆಟ್ಟಿಗೆಗೆ ಒಬ್ಬ ನರ್ಸ್ ಕಮ್ಮಿಯಾದರೂ ರಾತ್ರಿ ಪಾಳಿ ಹೇಗಿರುತ್ತೆ ಅಂತ ಗೊತ್ತು. ಎರಡು ಗಂಟೆಗೊಮ್ಮೆ ಹಾಲು, ಉಸಿರಿನ ಮೇಲೆ ಕಣ್ಣು, ಮೈ ಬಿಸಿ ನೋಡಬೇಕು. ಕೈ ಇಲ್ಲದಿದ್ದರೆ ಮೆಷಿನ್ ಇದ್ದೂ ಪ್ರಯೋಜನ ಇಲ್ಲ. ಆದರೆ ಊರಲ್ಲಿ ಒಂಬತ್ತು ವರ್ಷದ ಮಗ ಇರುವಾಗ, ಬೀದಿಯಲ್ಲಿ ಟ್ಯಾಂಕ್ ನಿಂತಿರುವಾಗ, ನಾನಾದರೂ ಬಸ್ಸು ಹತ್ತುತ್ತಿದ್ದೆ. ಅಮ್ಮನಿಗೆ ಈ ಮಾತು ಹೇಳಿ. ಅವರು ಬಸ್ಸು ಹತ್ತುವ ಹಾಗೆ ಮಾಡಿದವರು ಟ್ಯಾಂಕ್ ತಂದವರು.

ಗಾಳಿಮಾತು

ಈಗಲಾದರೂ ಹೇಳಬೇಡಿ ಅಂತಾನೇ ನನ್ನ ಅಭಿಪ್ರಾಯ.

ತುಂಗಾತೀರ

ಹೇಳಿ. ಅವರು ಅಲ್ಲಿದ್ದವರು. ನಮಗಿಂತ ಅವರಿಗೆ ಹಕ್ಕು ಜಾಸ್ತಿ.

ಕಡಲತಡಿಯವ

ನಿನ್ನೆ ರಾತ್ರಿ ಊಟ ಆದ ಮೇಲೆ ಹೇಳಿದೆ. ಹುಡುಗಿಯ ವಿಷಯ, ಕಂಪನಿಯ ವಿಷಯ, ದುಡ್ಡಿನ ಲೆಕ್ಕ, ಎಲ್ಲ. ಅಮ್ಮ ತಾಳ್ಮೆಯಿಂದ ಕೇಳಿದರು. ಅವಳಿಗೆ ಎಷ್ಟು ವರ್ಷ ಅಂದರು. 15 ಅಂದೆ. "ಪಾಪ" ಅಂದರು.

ವೈದ್ಯರು ಹೇಳಿದ್ದನ್ನು ನಾನು ಹೇಳಲೇ ಇಲ್ಲ, ಅಮ್ಮನೇ ಶುರು ಮಾಡಿದರು. ಹೊರಟ ದಿನ ಅವರ ವಾರ್ಡಿನಲ್ಲಿ ಮೂರು ಮಕ್ಕಳಿದ್ದವಂತೆ. ಮಲೆಯಾಳಿ ನರ್ಸ್‌ಗಳು ಇಬ್ಬರು, ಅಮ್ಮ, ಒಬ್ಬಳು ಈಜಿಪ್ಟಿನವಳು. ಬಸ್ಸಿಗೆ ಬರಲು ಈಜಿಪ್ಟಿನವಳು ಒಪ್ಪಲಿಲ್ಲವಂತೆ. ನೀವು ಹೋಗಿ, ನಾನಿದ್ದೇನೆ ಅಂದಳಂತೆ. ಆ ಸೈನಿಕರ ಕಥೆ ಪೇಪರ್‌ನಲ್ಲಿ ಓದಿದ ದಿನ ಅಮ್ಮನಿಗೆ ಅಳು ಬಂತಂತೆ, ಜೊತೆಗೆ ಮನಸ್ಸು ಸ್ವಲ್ಪ ಹಗುರವೂ ಆಯಿತಂತೆ. "ನಾವು ಇದ್ದಿದ್ದರೂ ಏನೂ ಮಾಡಲು ಆಗ್ತಿರಲಿಲ್ಲ ಅಂತ ಆವಾಗ ಅನಿಸಿತು ಮಾರಾಯ" ಅಂದರು.

ಬಿಳಿಟೋಪಿ ಅಕ್ಕ, ನೀವು ಬರೆದದ್ದನ್ನು ಓದಿ ಹೇಳಿದೆ. ಎರಡು ಸಲ ಓದಿಸಿದರು.

ಇವತ್ತು ಬೆಳಿಗ್ಗೆ ಅಟ್ಟದಿಂದ ಆ ಚೀಲ ಇಳಿಸಲು ಹೇಳಿದರು. ಒಳಗೆ ಒಂದು ಡೈರಿ ಇದೆ. ಈಜಿಪ್ಟಿನವಳ ಹೆಸರು ಮತ್ತು ಊರು ಅರಬಿಯಲ್ಲಿ ಬರೆದಿದೆ, ಶಾಯಿ ಸ್ವಲ್ಪ ಹರಡಿದೆ. @ದೋಹಾ ಕನ್ನಡಿಗ, ನಿಮಗೆ ಅರಬಿ ಓದಲು ಬರುತ್ತಾ? ಫೋಟೋ ಖಾಸಗಿಯಾಗಿ ಕಳಿಸಲಾ?

ದೋಹಾ ಕನ್ನಡಿಗ

ಕಳಿಸಿ. ನನಗೆ ಅಷ್ಟು ಬರುವುದಿಲ್ಲ. ನಮ್ಮ ಆಫೀಸಿನಲ್ಲಿ ಅಲೆಕ್ಸಾಂಡ್ರಿಯಾದವರು ಒಬ್ಬರಿದ್ದಾರೆ, ನಾಳೆ ಬೆಳಿಗ್ಗೆಯೇ ತೋರಿಸುತ್ತೇನೆ.